ಪಿಎಫ್ ತೆಗೆಯುವ ಮೊದಲು ಐದು ವರ್ಷದ ಲೆಕ್ಕ

ಪಂಪ್‌ವೆಲ್‌ನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದ ಗೆಳೆಯ ಕೇಳಿದ: “ಪಿಎಫ್ ತೆಗೆದ್ರೆ ಟ್ಯಾಕ್ಸ್ ಉಂಟಾ ಮಾರಾಯ?” ಮೂರು ವರ್ಷದ ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು, ಸಂದರ್ಶನಕ್ಕೆ ಹೊರಟಿದ್ದ. ಅವನಿಗೆ ಹೇಳಿದ್ದು ಇಷ್ಟು.

ಉಂಟು, ಯಾವಾಗ? ಸತತ ಐದು ವರ್ಷ ಸೇವೆ ತುಂಬುವ ಮೊದಲು ತೆಗೆದರೆ. ಆರೋಗ್ಯ ಕೆಟ್ಟು, ಸಂಸ್ಥೆ ಮುಚ್ಚಿ ಅಥವಾ ಕೈಮೀರಿದ ಕಾರಣಕ್ಕೆ ಕೆಲಸ ಹೋಗಿದ್ದರೆ ವಿನಾಯಿತಿಯಿದೆ.

ಯಾವುದಕ್ಕೆ? ಕಂಪನಿಯ ಪಾಲು, ಅದರ ಬಡ್ಡಿ, ನಿಮ್ಮ ಪಾಲಿನ ಬಡ್ಡಿ. ನಿಮ್ಮ ಪಾಲಿಗೆ 80ಸಿ ಕಡಿತ ಪಡೆದಿದ್ದರೆ ಅದಕ್ಕೂ.

ಟಿಡಿಎಸ್? ಮೊತ್ತ 50,000 ರೂ. ಅಥವಾ ಹೆಚ್ಚಿದ್ದರೆ ಶೇ. 10. ಅಂದರೆ 1,80,000 ರೂ.ನಲ್ಲಿ 18,000 ಕೈಗೆ ಬರುವ ಮೊದಲೇ ಕಡಿತ. ಪ್ಯಾನ್ ಕೊಡದಿದ್ದರೆ ಇನ್ನೂ ಹೆಚ್ಚು. ಇದು ಅಂತಿಮ ತೆರಿಗೆಯಲ್ಲ. ಆದಾಯ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ದಾರಿ? ಹೊಸ ಕೆಲಸ ಸಿಕ್ಕ ಮೇಲೆ ಹಳೆಯ ಹಣವನ್ನು ಹೊಸ ಪಿಎಫ್ ಖಾತೆಗೆ ವರ್ಗಾಯಿಸಿ. ವರ್ಗಾವಣೆಗೆ ತೆರಿಗೆ ಇಲ್ಲ. ಹಳೆಯ ಮೂರು ವರ್ಷವೂ ಐದರ ಲೆಕ್ಕಕ್ಕೆ ಸೇರುತ್ತದೆ.

ಪಿಎಫ್ ಕಾಯ್ದೆ 1952ರದ್ದು. ಒಂದೇ ಕಡೆ ನಿವೃತ್ತಿವರೆಗೆ ದುಡಿಯುವವರ ಕಾಲ. ಈಗ ಎರಡು ವರ್ಷಕ್ಕೊಂದು ಕೆಲಸ ಬದಲಿಸುವುದು ಮಾಮೂಲು. ಉಳಿತಾಯ ಇದ್ದವನು ಕಾಯುತ್ತಾನೆ. ಬಾಡಿಗೆ ಕಟ್ಟಲು ದುಡ್ಡಿಲ್ಲದವನೇ ಪಿಎಫ್ ಮುರಿದು ತೆರಿಗೆ ತೆರುತ್ತಾನೆ. ಈ ಐದು ವರ್ಷದ ಗೆರೆಯನ್ನು ನಾವು ಪ್ರಶ್ನಿಸಬೇಕು. ಅಲ್ಲಿವರೆಗೆ, ಆಗುವುದಾದರೆ ಮುರಿಯಬೇಡಿ, ವರ್ಗಾಯಿಸಿ.