ತ್ರೀ ನಾಟ್ ತ್ರೀ ಬಟ್ಟಿನ ಮೇಲಿನ ಅಕ್ಷರ: ಬಂದೂಕಿನ ಉದ್ದ ಮತ್ತು ಸಿಪಾಯಿಯ ಮೈಕಟ್ಟು

ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ತ್ರೀ ನಾಟ್ ತ್ರೀ, ಎಂದರೆ ಲೀ-ಎನ್‌ಫೀಲ್ಡ್ ರೈಫಲ್. ಅದರ ಬಟ್ಟಿನ, ಎಂದರೆ ಹೆಗಲಿಗೆ ಒರಗುವ ಹಿಂಬದಿಯ ಮರದ, ಮೇಲ್ಬದಿಯಲ್ಲಿ, ಹಿತ್ತಾಳೆಯ ಬಟ್ ಪ್ಲೇಟಿಗೆ ತುಸು ಮುಂದೆ, ಒಮ್ಮೊಮ್ಮೆ ಒಂಟಿ ಇಂಗ್ಲಿಷ್ ಅಕ್ಷರ ಒತ್ತಿರುತ್ತದೆ. 'ಎಲ್' ಇದ್ದರೆ ಲಾಂಗ್, 'ಎಸ್' ಇದ್ದರೆ ಶಾರ್ಟ್, 'ಬಿ' ಇದ್ದರೆ ಬ್ಯಾಂಟಮ್, ಎಂದರೆ ಎಲ್ಲಕ್ಕಿಂತ ಗಿಡ್ಡದ್ದು. ಸಾಧಾರಣ ಉದ್ದದ್ದಕ್ಕೆ 'ಎನ್' ಇರಬಹುದು, ಏನೂ ಇಲ್ಲದಿರಲೂಬಹುದು. ಒಂದು ಅಳತೆಗೂ ಮುಂದಿನದಕ್ಕೂ ಅರ್ಧ ಇಂಚಿನ ಅಂತರ. ಕಾರ್ಖಾನೆಯ ಸಂಖ್ಯೆ, ಇಸವಿ, ರಾಜಮುದ್ರೆಗಳನ್ನು ಶ್ರದ್ಧೆಯಿಂದ ದಾಖಲಿಸುವ ಸಂಗ್ರಾಹಕರು ಈ ಅಕ್ಷರವನ್ನು ಹೆಚ್ಚಾಗಿ ಗಮನಿಸುವುದಿಲ್ಲ. ಬಂದೂಕನ್ನು ಹಿಡಿದ ಮನುಷ್ಯನ ದೇಹಕ್ಕೆ ಅತಿ ಹತ್ತಿರದ ಗುರುತು ಅದೇ ಎಂದು ನನ್ನ ಭಾವನೆ.

ಸಿಪಾಯಿಯ ಮೈಕಟ್ಟಿಗೆ ತಕ್ಕ ಉದ್ದದ ಬಟ್ಟು ಹಾಕುವ ಈ ವ್ಯವಸ್ಥೆ ಸಾಧ್ಯವಾದದ್ದು ಈ ರೈಫಲ್ಲಿನ ಮರ ಎರಡು ತುಂಡಾಗಿದ್ದುದರಿಂದ. ಜರ್ಮನಿಯ 1898ರ ಮೌಸರ್‌ನಲ್ಲಿ ನಳಿಗೆಯ ಕೆಳಗಿನಿಂದ ಹೆಗಲಿನವರೆಗೆ ಒಂದೇ ಮರ. ಉದ್ದ ಸಾಲದಿದ್ದರೆ ಹಿಂದೆ ಏನನ್ನಾದರೂ ಸೇರಿಸಬೇಕು, ಇಲ್ಲವೇ ಇಡೀ ಮರವನ್ನೇ ಬದಲಿಸಬೇಕು. ಲೀ-ಎನ್‌ಫೀಲ್ಡ್‌ನಲ್ಲಾದರೆ ಬಟ್ಟಿನೊಳಗೆ ಉದ್ದಕ್ಕೆ ಹಾಯ್ದ ಒಂದೇ ಬೋಲ್ಟು ಅದನ್ನು ಬಂದೂಕಿನ ಉಕ್ಕಿನ ಒಡಲಿಗೆ ಬಿಗಿಯುತ್ತದೆ. ಎಣ್ಣೆಯ ಶೀಷೆ, ನಳಿಗೆ ಒರೆಸುವ ದಾರ ಇಡುವ ಪೊಳ್ಳಿನ ಮೂಲಕ ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ಆರ್ಮರರ್, ಎಂದರೆ ಬಂದೂಕು ದುರಸ್ತಿಗಾರ, ಆ ಬೋಲ್ಟನ್ನು ಸಡಿಲಿಸುತ್ತಿದ್ದ. ಆದರೆ ಹಳೆಯ ಮಾದರಿಯ ಹಲವು ಬಂದೂಕುಗಳಲ್ಲಿ ಬೋಲ್ಟಿನ ಚೌಕ ತುದಿ ಮುಂಭಾಗದ ಮರದಲ್ಲಿ ಕೂರಿಸಿದ ತಗಡಿನೊಳಗೆ ಸಿಕ್ಕಿಕೊಂಡಿರುತ್ತದೆ. ಮುಂಭಾಗದ ಮರವನ್ನು ಮೊದಲು ಬಿಚ್ಚದೆ ಬೋಲ್ಟು ತಿರುಗಿಸಿದರೆ ಆ ಮರ ಸೀಳುತ್ತದೆ. ಹಳೆಯ ಬಂದೂಕುಗಳಲ್ಲಿ ಟ್ರಿಗರಿನ ಹಿಂದೆ ಬಿರುಕು ಕಂಡರೆ ಈ ಕಾರಣವನ್ನೂ ನೆನೆಯಬೇಕು.

ಹಾಗಾದರೆ 'ಎಲ್' ಬಟ್ಟು ಇದ್ದ ಬಂದೂಕು ಎತ್ತರದ ಸಿಪಾಯಿಯದೇ? ಅಷ್ಟು ಸುಲಭವಾಗಿ ಹೇಳಲಾಗದು. ಒಡೆಯುವುದು, ಬದಲಾಗುವುದು ಮರವೇ. ದುರಸ್ತಿಯಲ್ಲಿ ಕೈಗೆ ಸಿಕ್ಕ ಬಟ್ಟನ್ನೇ ಹಾಕಿರಬಹುದು. ಅದಕ್ಕಿಂತ ಮುಖ್ಯವಾಗಿ, ಉದ್ದವನ್ನು ನಿರ್ಧರಿಸುವುದು ಎತ್ತರವೊಂದೇ ಅಲ್ಲ. ತೋಳು, ಕುತ್ತಿಗೆ, ಎದೆಯ ಅಗಲ, ತೊಟ್ಟ ಉಡುಪಿನ ದಪ್ಪ, ನಿಂತು ಹೊಡೆಯುವುದೋ ಮಲಗಿ ಹೊಡೆಯುವುದೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಂತಾಗ ಹಿತವಾದ ಬಟ್ಟು ಮಲಗಿದಾಗ ಉದ್ದವೆನಿಸುವುದುಂಟು. ಆದ್ದರಿಂದ ಈ ಅಕ್ಷರವನ್ನು ಸೂಚನೆಯೆಂದು ಓದಬೇಕೇ ಹೊರತು ಪುರಾವೆಯೆಂದಲ್ಲ.

ತೋಟಾ ಕೋವಿಯ, ಎಂದರೆ ಶಾಟ್‌ಗನ್ನಿನ, ವಿಷಯ ಇನ್ನೂ ಸೂಕ್ಷ್ಮ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಹೀಗೆ ಮನೆಯಲ್ಲೇ ಉಳಿಯುವ ಕೋವಿ ಅಜ್ಜನ ತೋಳಿಗೆ ಹೊಂದಿದ್ದರೂ ಎತ್ತರದ ಮೊಮ್ಮಗನಿಗೆ ಗಿಡ್ಡವಾಗಬಹುದು. ಹಿಂದೆ ರಬ್ಬರ್ ಪ್ಯಾಡ್ ಕೂರಿಸುವುದು, ಎಳೆ ಹೊಂದುವ ಅಕ್ರೋಟು ಮರದ ತುಂಡನ್ನು ಗೂಟ ಮತ್ತು ಅಂಟಿನಿಂದ ಜೋಡಿಸುವುದು ರೂಢಿಯ ಪರಿಹಾರಗಳು. ಇಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಇಳಿಜಾರು. ನಳಿಗೆಯ ರೇಖೆಯಿಂದ ಕೆನ್ನೆಮರದ, ಎಂದರೆ ಬಟ್ಟಿನಲ್ಲಿ ಕೆನ್ನೆ ಒರಗುವ ಮೇಲಂಚಿನ, ಮುಂತುದಿ ಒಂದೂವರೆ ಇಂಚು, ಹಿಂತುದಿ ಎರಡೂಕಾಲು ಇಂಚು ಕೆಳಗಿದ್ದು, ನಡುವಿನ ದೂರ 9 ಇಂಚು ಎಂದಿಟ್ಟುಕೊಳ್ಳೋಣ. ಅದೇ ಇಳಿಜಾರಿನಲ್ಲಿ ಒಂದು ಇಂಚು ಸೇರಿಸಿದರೆ ಹಿಂತುದಿ ಇಂಚಿನ ಹನ್ನೆರಡನೆಯ ಒಂದು ಪಾಲು ಮತ್ತೆ ತಗ್ಗುತ್ತದೆ. ಉದ್ದ ಕುತ್ತಿಗೆಯವನಿಗೆ ಹೆಗಲಿನ ಮಟ್ಟದಲ್ಲಿ ಇದು ಒಳ್ಳೆಯದೇ. ಆದರೆ ಅವನ ಕೆನ್ನೆ ಈಗ ಹಿಂದೆ ಸರಿದು, ಮರದ ತಗ್ಗಿನ ಭಾಗಕ್ಕೆ ಒರಗುತ್ತದೆ. ಶಾಟ್‌ಗನ್ನಿಗೆ ಹಿಂದಿನ ಗುರಿಕಣ್ಣು ಇಲ್ಲ. ಹೊಡೆಯುವವನ ಕಣ್ಣೇ ಆ ಕೆಲಸ ಮಾಡುತ್ತದೆ. ಕಣ್ಣು ತಗ್ಗಿದಷ್ಟೂ ಚರೆ ತಗ್ಗಿನಲ್ಲಿ ಬೀಳುತ್ತದೆ. ಕೆನ್ನೆ ಒರಗುವ ಭಾಗವನ್ನು ಎತ್ತರಿಸಿ ಹಿಂತುದಿಯನ್ನು ತಗ್ಗಿನಲ್ಲೇ ಬಿಡುವ ಮಾಂಟೆ ಕಾರ್ಲೊ ಮಾದರಿಯ ಮರ ಈ ಎರಡೂ ಅಗತ್ಯಗಳನ್ನು ಒಟ್ಟಿಗೆ ಪೂರೈಸುತ್ತದೆ.