ಪ್ರೈಮರಿ ಕಣದಲ್ಲಿ ಹಣೆಪಟ್ಟಿಗಳ ಕಾಳಗ

ಅಮೆರಿಕದ ನವೆಂಬರ್ ಚುನಾವಣೆಯಲ್ಲಿ ಮತದಾರರಿಗೆ ಪಕ್ಷದ ಹೆಸರೇ ದಾರಿ ತೋರಿಸುತ್ತದೆ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಆ ಅನುಕೂಲವಿಲ್ಲ. ಕಣದಲ್ಲಿರುವವರೆಲ್ಲ ಒಂದೇ ಮನೆಯವರು. ಆ ಖಾಲಿ ಜಾಗಕ್ಕೆ ಧರ್ಮ, ವರ್ಣ, ಲಿಂಗ ಬಂದು ಕೂರುತ್ತವೆ. ‘ಪ್ರಗತಿಪರ’, ‘ಅಪ್ಪಟ ಸಂಪ್ರದಾಯವಾದಿ’ ಎಂಬ ಹಣೆಪಟ್ಟಿಗಳೂ ಬರುತ್ತವೆ.

1960ರ ವೆಸ್ಟ್ ವರ್ಜೀನಿಯಾ ಇದರ ಹಳೆಯ, ಇಂದಿಗೂ ದೊಡ್ಡ ಪಾಠ. ಪ್ರಾಟೆಸ್ಟೆಂಟರೇ ತುಂಬಿದ್ದ ಆ ಗಣಿ ರಾಜ್ಯದಲ್ಲಿ ಕ್ಯಾಥೊಲಿಕ್ ಜಾನ್ ಕೆನಡಿ ಗೆಲ್ಲುವುದು ಕಷ್ಟವೆಂದು ಬಹಳ ಮಂದಿ ಎಣಿಸಿದ್ದರು. ಕೆನಡಿ ಧರ್ಮದ ಪ್ರಶ್ನೆಗೆ ನೇರವಾಗಿಯೇ ಉತ್ತರ ಕೊಟ್ಟರು. ಜತೆಗೆ ಗಣಿ ಕಾರ್ಮಿಕರ ಹಸಿವು, ನಿರುದ್ಯೋಗಗಳನ್ನೂ ಮಾತಿಗೆ ತಂದರು. ಸೋತ ಎದುರಾಳಿ ಹ್ಯೂಬರ್ಟ್ ಹಂಫ್ರಿ ಕಣದಿಂದ ಹಿಂದೆ ಸರಿದರು. ಕೆನಡಿಯ ಕುಟುಂಬದ ಹಣವೂ ಅಲ್ಲಿ ಕೆಲಸ ಮಾಡಿತ್ತು, ನಿಜ. ಆದರೆ ಅವರು ಅಧ್ಯಕ್ಷರಾದ ಮೇಲೆ, 1961ರಲ್ಲಿ, ಆಹಾರ ಕೂಪನ್ನಿನ ಪ್ರಾಯೋಗಿಕ ಯೋಜನೆ ಮೊದಲು ಜಾರಿಯಾದದ್ದು ಅದೇ ರಾಜ್ಯದ ಮ್ಯಾಕ್‌ಡೊವೆಲ್ ಕೌಂಟಿಯಲ್ಲಿ. ಪ್ರಚಾರದ ಮಾತು ಸರ್ಕಾರದ ಕೆಲಸವಾಗಿತ್ತು.

1968ರಲ್ಲಿ ಅದೇ ಹಂಫ್ರಿ ಒಂದು ಪ್ರೈಮರಿಗೂ ನಿಲ್ಲದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಪಕ್ಷದ ಷಿಕಾಗೊ ಅಧಿವೇಶನ ಗಲಭೆಯಲ್ಲಿ ಮುಳುಗಿತು. ಆಮೇಲೆ ನಡೆದ ಸುಧಾರಣೆಯಿಂದ 1972ರ ಹೊತ್ತಿಗೆ ತೀರ್ಮಾನ ಪಕ್ಷದ ಮುಖಂಡರ ಕೈಯಿಂದ ಮತದಾರರ ಕೈಗೆ ಬಂತು. ಆ ವರ್ಷವೇ ಷರ್ಲಿ ಚಿಸಮ್ ಕಣಕ್ಕಿಳಿದರು. ಪ್ರಮುಖ ಪಕ್ಷವೊಂದರ ಅಧ್ಯಕ್ಷೀಯ ಉಮೇದುವಾರಿಕೆ ಬಯಸಿದ ಮೊದಲ ಕಪ್ಪು ಮಹಿಳೆ ಅವರು. ವಿಯೆಟ್ನಾಂ ಯುದ್ಧ, ಶಿಶುಪಾಲನಾ ಸೌಲಭ್ಯಗಳ ಬಗ್ಗೆ ಅವರಿಗೆ ಸ್ಪಷ್ಟ ನಿಲುವಿತ್ತು. ಚರಿತ್ರೆ ನೆನಪಿಟ್ಟುಕೊಂಡದ್ದು ‘ಮೊದಲ’ ಎಂಬುದನ್ನೇ. ಇದು ಅವರಿಗಾದ ಅನ್ಯಾಯ.

ಮತದಾರರು ಹೇಗೆ ತೀರ್ಮಾನಿಸುತ್ತಾರೆ ಎಂಬ ಬಗ್ಗೆ ವಿದ್ವಾಂಸರ ಚರ್ಚೆಯೂ ಬದಲಾಗುತ್ತ ಬಂದಿದೆ. ಅಲ್ಪಸ್ವಲ್ಪ ಸುಳಿವುಗಳಿಂದಲೇ ಮತದಾರ ವಿವೇಕದಿಂದ ತೀರ್ಮಾನಿಸಬಲ್ಲ ಎಂದು ಸ್ಯಾಮುಯೆಲ್ ಪಾಪ್ಕಿನ್ 1991ರಲ್ಲಿ ವಾದಿಸಿದರು. ನೀತಿಗಿಂತ ಗುಂಪಿನ ಗುರುತೇ ಬಲಶಾಲಿ ಎಂಬುದು 2016ರಲ್ಲಿ ಕ್ರಿಸ್ಟೊಫರ್ ಏಕನ್, ಲ್ಯಾರಿ ಬಾರ್ಟೆಲ್ಸ್ ಮುಂದಿಟ್ಟ ಕಟು ನಿಲುವು.

2008ರ ಒಬಾಮಾ–ಹಿಲರಿ ಪೈಪೋಟಿಯನ್ನು ಎಲ್ಲರೂ ವರ್ಣ ಮತ್ತು ಲಿಂಗದ ಕಣ್ಣಿನಿಂದ ನೋಡಿದರು. ಇರಾಕ್ ಯುದ್ಧದ ವಿಷಯ ಬಿಟ್ಟರೆ ಅವರ ನಡುವಿನ ಗಂಭೀರ ಭೇದ ಆರೋಗ್ಯ ವಿಮೆಯದು: ಎಲ್ಲರಿಗೂ ಕಡ್ಡಾಯ ಎಂದರು ಹಿಲರಿ, ಮಕ್ಕಳಿಗೆ ಮಾತ್ರ ಎಂದರು ಒಬಾಮಾ. ಗೆದ್ದ ಒಬಾಮಾ 2010ರಲ್ಲಿ ಸಹಿ ಹಾಕಿದ ಕಾನೂನಿನಲ್ಲಿ ಇದ್ದದ್ದು ಹಿಲರಿ ಹೇಳಿದ್ದ ಕಡ್ಡಾಯವೇ! ಕೋಟ್ಯಂತರ ಜನರ ಬದುಕಿಗೆ ತಾಗುವ ಆ ಪ್ರಶ್ನೆಗೆ ಇನ್ನಷ್ಟು ಗಮನ ಸಿಗಬೇಕಿತ್ತು.

ಕರ್ನಾಟಕಕ್ಕೂ ಈ ಕಥೆಯಲ್ಲೊಂದು ಎಳೆಯಿದೆ. ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ‘ಪ್ರಗತಿಪರ’ ಎಂದೇ ಸ್ಪರ್ಧಿಸಿದರು. ಅದೇ ಹಣೆಪಟ್ಟಿ ಎದುರಾಳಿ ಅಬ್ದುಲ್ ಎಲ್-ಸಯೀದ್ ಅವರಿಗೂ ಇತ್ತು. ರಸ್ತೆ ರಿಪೇರಿಯ ಮಾತಾಡುತ್ತಿದ್ದ ಗ್ರೆಚೆನ್ ವಿಟ್ಮರ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು; ಥಾಣೇದಾರ್ ಮೂರನೆಯವರಾದರು. 2022ರಲ್ಲಿ ಅವರು ಕಪ್ಪು ಜನರೇ ಹೆಚ್ಚಿರುವ ಡೆಟ್ರಾಯಿಟ್‌ನಿಂದ ಕಾಂಗ್ರೆಸ್ಸಿಗೆ ಆರಿಸಿ ಬಂದಾಗ, 1955ರಿಂದೀಚೆಗೆ ಮೊದಲ ಸಲ ಆ ನಗರಕ್ಕೆ ಕಪ್ಪು ಸಂಸದರಿಲ್ಲದಂತಾಯಿತು. ಆ ಬಗ್ಗೆ ಅಲ್ಲಿನವರಿಗಾದ ನೋವು ಸಣ್ಣದಲ್ಲ.

ಅಮೆರಿಕದಲ್ಲಿ ಮತದಾರರಾಗಿರುವ ಕನ್ನಡಿಗರು ಮುಂದಿನ ಪ್ರೈಮರಿಗೆ ಹೋಗುವ ಮುನ್ನ, ಅಭ್ಯರ್ಥಿ ಎಲ್ಲಿಯವರು ಎಂಬುದರ ಜತೆಗೆ ವಿಮೆ, ವಲಸೆ, ಬಾಡಿಗೆಗಳ ಬಗ್ಗೆ ಅವರು ಏನು ಬರೆದುಕೊಟ್ಟಿದ್ದಾರೆ ಎಂಬುದನ್ನೂ ಓದಲಿ.