ಕಿಶೋರರ ಕಥಾರಚನೆಯಲ್ಲಿ ಅನುಭವದ ರೂಪಾಂತರ

ಧ್ವನ್ಯಾಲೋಕದ ಪ್ರಥಮೋದ್ಯೋತದಲ್ಲಿ ಆನಂದವರ್ಧನನು ಕ್ರೌಂಚವಧೆಯ ಪ್ರಸಂಗವನ್ನು ನೆನೆದು, ಆದಿಕವಿಯ ಶೋಕವೇ ಶ್ಲೋಕವಾಗಿ ಪರಿಣಮಿಸಿತೆಂದು ನುಡಿದಿದ್ದಾನೆ. ಆ ಗ್ರಂಥಕ್ಕೆ ಲೋಚನವೆಂಬ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ಈ ಮಾತನ್ನು ಇದ್ದಂತೆಯೇ ಅಂಗೀಕರಿಸಲಿಲ್ಲ. ಅದು ಮುನಿಯ ಸ್ವಂತ ಶೋಕವೆಂದು ಬಗೆಯಲಾಗದು, ಹಾಗೆ ಬಗೆದಲ್ಲಿ ಹಕ್ಕಿಯ ದುಃಖದಿಂದ ಅವನೂ ದುಃಖಿಯಾಗಿ, ಸಂತಪ್ತನಾದವನಿಗೆ ಕಾವ್ಯರಚನೆಯ ಅವಕಾಶವೇ ಇಲ್ಲದೆ ಹೋಗುತ್ತಿತ್ತೆಂದು ವಿವರಿಸಿದನು. 13ರಿಂದ 18 ವರ್ಷದೊಳಗಿನವರು ತಮ್ಮ ಬಾಳಿನಲ್ಲಿ ನಡೆದುದನ್ನು ಕಥೆಯಾಗಿಸಲು ತೊಡಗಿದಾಗ ಹಿರಿಯರು ನೀಡಬಹುದಾದ ನೆರವು ಎಂಥದೆಂಬುದನ್ನು ನಿರ್ಣಯಿಸುವುದಕ್ಕೆ ಈ ಸೂಕ್ಷ್ಮ ವಿವೇಚನೆಗಿಂತ ಮಿಗಿಲಾದ ಆಧಾರವು ನನಗೆ ಕಂಡಿಲ್ಲ. ಭಾವವನ್ನು ಹೊರಗೆಡಹುವಂತೆ ಪ್ರೇರಿಸುವುದು ನೆರವಿನ ಆರಂಭವಾದೀತು. ಅದರ ಸಾರವಾದರೋ, ಅನುಭವಿಸಿದ ಜೀವಕ್ಕೂ ಬರೆಯುವ ಜೀವಕ್ಕೂ ನಡುವೆ ಅಂತರವೊಂದನ್ನು ಕಲ್ಪಿಸಿಕೊಡುವುದರಲ್ಲಿದೆ.

ಈ ವಯಸ್ಸೇ ಏಕೆಂದು ಕೇಳಬಹುದು. ಟಿಲ್ಮಾನ್ ಹಾಬರ್‌ಮಾಸ್ ಮತ್ತು ಸೂಸನ್ ಬ್ಲಕ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟಂತೆ, ಬಾಲಕನು ಒಂದು ಘಟನೆಯನ್ನು ಚೆನ್ನಾಗಿಯೇ ಹೇಳಬಲ್ಲನಾದರೂ, ಬಿಡಿ ಘಟನೆಗಳನ್ನು ಕಾರ್ಯಕಾರಣಸಂಬಂಧದಿಂದ ಹೆಣೆದು ತನ್ನ ಜೀವನವನ್ನು ಒಂದು ವೃತ್ತಾಂತವಾಗಿ ಕಾಣುವ ಶಕ್ತಿಯು ಕೈಶೋರದಲ್ಲಿ ಮೈದೋರುತ್ತದೆ. ಕಥೆಗೆ ಬೇಕಾದ ಶಕ್ತಿಯೂ ಅದೇ.

ಆದರೆ ಶಕ್ತಿಯು ಮೂಡಿದೊಡನೆ ದೋಷವೂ ಮೂಡುತ್ತದೆ. ಅಜ್ಜಿಯ ಮರಣವನ್ನು ಕುರಿತು ಬರೆಯುವ ವಿದ್ಯಾರ್ಥಿನಿಯು ತನಗೆ ಅಪಾರ ದುಃಖವಾಯಿತೆಂದೂ, ಹೃದಯವು ಒಡೆದುಹೋಯಿತೆಂದೂ ಬರೆದು, ಓದುವವನು ಏಕೆ ಅಳಲಿಲ್ಲವೆಂದು ಅಚ್ಚರಿಪಡುತ್ತಾಳೆ. ಮಮ್ಮಟನು ಕಾವ್ಯಪ್ರಕಾಶದ ಸಪ್ತಮೋಲ್ಲಾಸದಲ್ಲಿ ರಸದೋಷಗಳನ್ನು ಎಣಿಸುವಾಗ ಮೊದಲು ಹೇಳುವುದು ಇದನ್ನೇ: ಭಾವವನ್ನು ಅದರ ಹೆಸರಿನಿಂದಲೇ ಕರೆದುಬಿಡುವುದು. ವಿಭಾವ ಅನುಭಾವಗಳನ್ನು, ಎಂದರೆ ಭಾವವು ಯಾವುದರಿಂದ ಹುಟ್ಟಿ ಯಾವ ಚೇಷ್ಟೆಯಲ್ಲಿ ಕಾಣಿಸಿಕೊಂಡಿತೋ ಅದನ್ನು, ಮುಂದಿಟ್ಟಲ್ಲದೆ ಸಹೃದಯನಲ್ಲಿ ಅದು ಉದಯಿಸಲಾರದು. ಆದಕಾರಣ ಉಪಾಧ್ಯಾಯನು ‘ನಿನಗೆ ಏನನ್ನಿಸಿತು?’ ಎಂದು ಕೇಳುವುದಕ್ಕಿಂತ, ಅಜ್ಜಿಯ ಎಲೆಯಡಿಕೆಯ ಚೀಲವನ್ನು ಆಮೇಲೆ ಯಾರು ತೆಗೆದಿಟ್ಟರು, ಆ ದಿನ ಮನೆಯಲ್ಲಿ ಒಲೆ ಹಚ್ಚಿದವರಾರು, ನೀನು ಎಲ್ಲಿ ನಿಂತಿದ್ದೆ ಎಂದು ಕೇಳುವುದು ಹೆಚ್ಚು ಫಲಕಾರಿ. ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋಗುವ ಹುಡುಗಿಯು ತನಗರಿಯದೆಯೇ ದುಃಖಿಯ ಸ್ಥಾನದಿಂದ ಸಾಕ್ಷಿಯ ಸ್ಥಾನಕ್ಕೆ ಸರಿಯುತ್ತಾಳೆ.

ಈ ಸರಿಯುವಿಕೆಯನ್ನು ಹಾಳೆಹಾಳೆಯಾಗಿ ನಿರೀಕ್ಷಿಸಲು ಅವಕಾಶವೀಯುವ ನಿದರ್ಶನವೊಂದು ಪಾಶ್ಚಾತ್ಯ ಸಾಹಿತ್ಯದಲ್ಲುಂಟು. ಆನ್ ಫ್ರಾಂಕಳಿಗೆ 1942ರ ಜೂನ್ 12ರಂದು, ಅವಳ ಹದಿಮೂರನೆಯ ಹುಟ್ಟುಹಬ್ಬದಲ್ಲಿ, ದಿನಚರಿಯ ಪುಸ್ತಕ ದೊರೆಯಿತು. ಮುಂದಿನ ತಿಂಗಳಲ್ಲೇ ಅವಳ ಕುಟುಂಬವು ಆಮ್‌ಸ್ಟರ್‌ಡ್ಯಾಮಿನ ಕಟ್ಟಡವೊಂದರ ಹಿಂಭಾಗದಲ್ಲಿ ಅಡಗಿತು. ಅವಳ ಬರೆಹವು ಸ್ವಚ್ಛಂದವಾದ ಆತ್ಮೋದ್ಗಾರವೆಂದು ಸಾಮಾನ್ಯವಾಗಿ ಭಾವಿಸುವುದುಂಟು, ವಸ್ತುಸ್ಥಿತಿ ಹಾಗಿಲ್ಲ. ಕಾಲ್ಪನಿಕ ಗೆಳತಿಯರಿಗೆ ಪತ್ರ ಬರೆಯುವ ವಿಧಾನವನ್ನು ಅವಳು ಸಿಸಿ ವಾನ್ ಮಾರ್ಕ್ಸ್‌ವೆಲ್ಟ್ ಎಂಬ ಡಚ್ ಲೇಖಕಿಯ ಬಾಲಿಕಾ ಕಾದಂಬರಿಗಳಿಂದ ಪಡೆದಳು. ಕಿಟ್ಟಿ ಎಂಬ ಹೆಸರೂ ಅಲ್ಲಿಯದೇ. 1944ರ ಮಾರ್ಚ್ 28ರಂದು ನೆದರ್ಲೆಂಡ್ಸಿನ ಮಂತ್ರಿ ಬೋಲ್ಕೆಸ್ಟೈನ್ ಲಂಡನ್ನಿನ ಆಕಾಶವಾಣಿಯಿಂದ, ಯುದ್ಧಕಾಲದ ದಿನಚರಿಗಳನ್ನೂ ಪತ್ರಗಳನ್ನೂ ಸಂಗ್ರಹಿಸಬೇಕೆಂದು ಹೇಳಿದುದನ್ನು ಕೇಳಿ, ಮೇ ತಿಂಗಳಿನಲ್ಲಿ ಅವಳು ತನ್ನ ದಿನಚರಿಯನ್ನೆಲ್ಲ ಬಿಡಿ ಹಾಳೆಗಳಲ್ಲಿ ಹೊಸದಾಗಿ ಬರೆಯಲಾರಂಭಿಸಿದಳು. ಸೆರೆಯಾದ ಆಗಸ್ಟ್ 4ರವರೆಗಿನ ಆ ಅಲ್ಪಾವಧಿಯಲ್ಲಿ 200ಕ್ಕೂ ಮಿಕ್ಕ ಹಾಳೆಗಳು ಸಿದ್ಧವಾದವು. ಅನೇಕ ಗೆಳತಿಯರು ಹೋಗಿ ಕಿಟ್ಟಿಯೊಬ್ಬಳೇ ಉಳಿದಳು; ಸಹವಾಸಿಗಳಿಗೆ ಬೇರೆ ಹೆಸರುಗಳು ಬಂದವು; ಹದಿನೈದರ ಬರೆಹಗಾರ್ತಿಯು ಹದಿಮೂರರ ಹುಡುಗಿಯನ್ನು ಪಾತ್ರವೆಂಬಂತೆ ನೋಡಿ, ಕೆಲವನ್ನು ಕೈಬಿಟ್ಟು ಕೆಲವನ್ನು ಕೂಡಿಸಿದಳು.

ಅದೇ ಕಾಲದಲ್ಲಿ ಅವಳು ಕಥೆಗಳನ್ನೂ, ಕ್ಯಾಡಿ ಎಂಬ ಹುಡುಗಿಯ ಜೀವನವನ್ನು ಕುರಿತ ಅಪೂರ್ಣ ಕಾದಂಬರಿಯೊಂದನ್ನೂ ಬರೆಯುತ್ತಿದ್ದಳು. ಕ್ಯಾಡಿ ಅಡಗಿ ಕುಳಿತವಳಲ್ಲ. ವಾಹನಾಪಘಾತಕ್ಕೀಡಾಗಿ ಆಸ್ಪತ್ರೆಯಲ್ಲೂ ಅನಂತರ ಆರೋಗ್ಯಧಾಮದಲ್ಲೂ ಮಲಗಿರಬೇಕಾದವಳು. ಹೊರಗೆ ಹೋಗಲಾರದ ಹುಡುಗಿಯೊಬ್ಬಳು ತನ್ನ ಬಂಧನದ ಕಾರಣವನ್ನು ಬದಲಿಸಿ, ಬಂಧನವನ್ನು ಮಾತ್ರ ಉಳಿಸಿಕೊಂಡ ಈ ಕ್ರಮವನ್ನು ನಾನು ಕಥಾಕಲ್ಪನೆಯ ಶುದ್ಧ ಲಕ್ಷಣವೆಂದು ಎಣಿಸುತ್ತೇನೆ. ಅವಳಿಗೆ ಗುರುವಿರಲಿಲ್ಲ, ಆದರೆ ಗುರುವಾದವನು ಒದಗಿಸಬೇಕಾದುವೆಲ್ಲ, ಎಂದರೆ ಅನುಸರಿಸಲು ಒಂದು ಕೃತಿ, ಮುಂದೆ ಓದುವವರುಂಟೆಂಬ ನಂಬಿಕೆ, ಮರಳಿ ಬರೆಯುವ ಅವಕಾಶ, ಇವೆಲ್ಲ ಒದಗಿದ್ದವು.

ನಮ್ಮ ಶಾಲೆಗಳಲ್ಲಿ ಇವುಗಳ ಪೈಕಿ ಮೂರನೆಯದೇ ದುರ್ಲಭವಾದುದು. ಒಮ್ಮೆ ಬರೆದ ಪ್ರಬಂಧಕ್ಕೆ ಅಂಕ ಬಿದ್ದೊಡನೆ ಅದು ಮುಗಿದಂತೆಯೇ. ಅದೇ ಹಾಳೆಯನ್ನು ಕೆಲವು ವಾರಗಳ ತರುವಾಯ ಹಿಂದಿರುಗಿಸಿ, ‘ನಾನು’ ಎಂಬಲ್ಲಿ ‘ಅವಳು’ ಎಂದಿರಿಸಿ ಬರೆ, ನಿನ್ನ ಮೇಲೆ ಸಿಟ್ಟಾದ ಅಣ್ಣನ ಕಡೆಯಿಂದ ಬರೆ ಎಂದು ಹೇಳುವ ಉಪಾಧ್ಯಾಯನು ಸಾಧಾರಣೀಕರಣವೆಂಬ, ಎಂದರೆ ಒಬ್ಬರ ಭಾವವನ್ನು ಎಲ್ಲರದಾಗಿಸುವುದೆಂಬ, ಶಾಸ್ತ್ರಶಬ್ದವನ್ನು ಉಚ್ಚರಿಸದೆಯೇ ಅದನ್ನು ಕಲಿಸುತ್ತಾನೆ. ಮಾದರಿಗಳಿಗಂತೂ ಕನ್ನಡದಲ್ಲಿ ಕೊರತೆಯಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಹುಡುಗನೊಬ್ಬನು ತಾನು ಪೂರ್ತಿಯಾಗಿ ಅರಿಯಲಾರದುದನ್ನು ಕಂಡಂತೆ ಹೇಳುತ್ತಾನೆ, ವಿಧವೆ ಯಮುನಕ್ಕನ ದುರ್ಗತಿಯು ಆ ಅರಿಯದ ಕಣ್ಣಿನ ಮೂಲಕವೇ ಅಸಹನೀಯವಾಗುತ್ತದೆ.

ಅಂತರವು ಸತ್ಯಕ್ಕೆ ಬೆನ್ನು ತಿರುಗಿಸುವುದಲ್ಲವೇ ಎಂಬ ಶಂಕೆಗೆ ಪ್ರಯೋಗದ ಸಮಾಧಾನವೊಂದಿದೆ. ಆಘಾತಗಳನ್ನು ಕುರಿತು ಬರೆದ ವಿದ್ಯಾರ್ಥಿಗಳು ವೈದ್ಯರಲ್ಲಿಗೆ ಹೋಗುವುದು ಕಡಿಮೆಯಾದುದನ್ನು ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ 1986ರಲ್ಲಿ ತೋರಿಸಿದ್ದನು. 1996ರಲ್ಲಿ ಗ್ರೀನ್‌ಬರ್ಗ್, ವರ್ಟ್‌ಮನ್ ಮತ್ತು ಸ್ಟೋನ್ ಎಂಬವರು, ತಮಗೆ ಒದಗದೇ ಇದ್ದ ಆಘಾತವನ್ನು ಕಲ್ಪಿಸಿ ಬರೆದವರಲ್ಲಿಯೂ ಅಂಥದೇ ಪರಿಣಾಮವನ್ನು ಕಂಡರು. ಆದುದರಿಂದ ‘ಇದು ನಿಜವಾಗಿ ನಡೆಯಿತೇ?’ ಎಂದು ತರಗತಿಯಲ್ಲಿ ಕೇಳುವುದು ಅನವಶ್ಯಕವಷ್ಟೇ ಅಲ್ಲ, ಕಥೆಯು ಕೊಟ್ಟ ಮರೆಯನ್ನು ಕಿತ್ತುಕೊಳ್ಳುವ ಕಾರ್ಯ. ಒಂದು ಅಪವಾದವುಂಟು: ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದುಬಂದಲ್ಲಿ ಅದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಶಾಸನದಂತೆ ಪ್ರತಿಯೊಬ್ಬನ ಕರ್ತವ್ಯ. ಬರೆಹದಲ್ಲಿ ಅಂಥ ಸೂಚನೆ ಕಂಡರೆ ಸಾಹಿತ್ಯವಿಮರ್ಶೆಯನ್ನು ಬದಿಗಿರಿಸಿ, ಆ ಮಗುವಿನೊಡನೆ ಏಕಾಂತದಲ್ಲಿ ಮಾತಾಡಿ, ರಕ್ಷಣೆಯ ಕಾರ್ಯಕ್ಕೆ ತೊಡಗಬೇಕು.

ಭಾಷೆಯ ವಿಷಯದಲ್ಲಿ ಮಾತ್ರ ಅಂತರವು ನೆರವಾಗದೆ ತೊಡಕಾಗುತ್ತದೆ. ಕುವೆಂಪು ಅವರ ಮೊದಲ ಕವನಪುಸ್ತಿಕೆಯು 1922ರಲ್ಲಿ, ಅವರು ಹದಿನೆಂಟು ತುಂಬದವರಾಗಿದ್ದಾಗ, ಇಂಗ್ಲಿಷಿನಲ್ಲಿ ಪ್ರಕಟವಾಯಿತು. ತಾಯ್ನುಡಿಯಲ್ಲಿ ಬರೆಯುವಂತೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ನೀಡಿದ ಸಲಹೆ ಸುವಿದಿತವಾಗಿದೆ. ಬಾಲ್ಯದ ಮಲೆನಾಡು 1933ರ ‘ಮಲೆನಾಡಿನ ಚಿತ್ರಗಳು’ ಗ್ರಂಥದಲ್ಲಿ ಗದ್ಯವಾದುದು ಕನ್ನಡದಲ್ಲಿ. ಇಂದಿನ ವಿದ್ಯಾರ್ಥಿಗೆ ಇಂಗ್ಲಿಷೊಂದೇ ಅಲ್ಲ, ಪಠ್ಯಪುಸ್ತಕದ ಕನ್ನಡವೂ ಪರಭಾಷೆಯಾಗಬಹುದು. ಧಾರವಾಡದ ಹುಡುಗನ ತಾಯಿ ಕಥೆಯಲ್ಲಿ ‘ಎಲ್ಲಿಗೆ ಹೋಗಿದ್ದೆ?’ ಎಂದೊಡನೆ ಅವಳು ಅವನ ತಾಯಿಯಾಗಿ ಉಳಿಯುವುದಿಲ್ಲ. ‘ಎಲ್ಲಿ ಹೋಗಿದ್ದಿ?’ ಎಂದು ಅವನು ಬರೆದುದನ್ನು ಕೆಂಪು ಶಾಯಿಯಿಂದ ತಿದ್ದುವ ಪದ್ಧತಿಯನ್ನು ನಮ್ಮ ಉಪಾಧ್ಯಾಯರು ಸಂಭಾಷಣೆಯ ಮಟ್ಟಿಗಾದರೂ ತ್ಯಜಿಸತಕ್ಕದ್ದು.